ಎರಡು ತಾಸು ಮೊದಲೇ ಬಂದ ಮೋಡ

ಹವಾಮಾನ ಮುನ್ಸೂಚನೆ ಕೊಡುವವರಿಗೆ ಪಾಠ ಹೇಳುವುದು ನನ್ನ ಕೆಲಸ. ಆ ಏಪ್ರಿಲ್‌ನಲ್ಲಿ ಐದು ದಿನದ ತರಬೇತಿಗೆಂದು ನಾನು ಹುಟ್ಟಿ ಬೆಳೆದ ಹೊಸಪೇಟೆಗೇ ನನ್ನನ್ನು ಕಳಿಸಿದರು. ಟಿ.ಬಿ. ಡ್ಯಾಂ ಬಳಿಯ ಒಂದು ಸಭಾಂಗಣ, ಸುತ್ತಲಿನ ಜಿಲ್ಲೆಗಳಿಂದ ಬಂದ ಹನ್ನೆರಡು ಮಂದಿ. ವಿಷಯ ಅವರಿಗೆ ಹೊಸದು. ಉಪಗ್ರಹ ಸಂಜೆ ಐದಕ್ಕೆ ತೆಗೆಯಲಿರುವ ಮೋಡದ ಚಿತ್ರ ಹೇಗಿರಬಹುದೆಂದು ಕಂಪ್ಯೂಟರ್ ಬೆಳಿಗ್ಗೆಯೇ ಲೆಕ್ಕ ಹಾಕಿ ಬಿಡಿಸಿಕೊಡುತ್ತದೆ. ಅದನ್ನು ಓದುವುದು, ಬಳಸುವುದು ಕಲಿಸಬೇಕಿತ್ತು.

ಮೊದಲ ದಿನ, ಎಲ್ಲ ಕಡೆ ಮಾಡುವಂತೆ, ಉಪಗ್ರಹದ ಚಿತ್ರವನ್ನೂ ಕಂಪ್ಯೂಟರಿನ ಚಿತ್ರವನ್ನೂ ಪಕ್ಕಪಕ್ಕ ಹಾಕಿದೆ. ಯಾವುದು ಯಾವುದೆಂದು ಹೇಳಲಿಲ್ಲ. ಬೇರೆ ಊರುಗಳಲ್ಲಿ ಅರ್ಧ ಜನ ತಪ್ಪು ಹೇಳುತ್ತಿದ್ದರು, ಆಮೇಲೆ ನನ್ನ ಮಾತಿಗೆ ಕಿವಿಗೊಡುತ್ತಿದ್ದರು. ಇಲ್ಲಿ ಹಿಂದಿನ ಸಾಲಿನಿಂದ ಗಾದಿಗನೂರಿನ ಹಿರಿಯರೊಬ್ಬರು ತಕ್ಷಣ ಬಾಯಿ ಹಾಕಿದರು. ಅವರ ನಿವೃತ್ತಿಗೆ ಇನ್ನೊಂದೇ ವರ್ಷ ಉಳಿದಿತ್ತು.

“ಎಡಗಡೀದು ಖರೇ ಅಲ್ರಿ ಮೇಡಂ.”

“ಹೆಂಗ ಗೊತ್ತಾತ್ರಿ?”

“ಸಂಡೂರು ಗುಡ್ಡದ ಮ್ಯಾಲಿನ ಮೋಡದ ಅಂಚು ಇಷ್ಟು ನುಣ್ಣಗ ಇರಂಗಿಲ್ರಿ. ಇಸ್ತ್ರಿ ಹಾಕಿದಂಗ ಐತಿ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಹೇಳಿದ್ದು ಸರಿಯಾಗಿತ್ತು. ಆದರೆ ಅಲ್ಲಿಂದ ಎರಡು ದಿನ ಅವರು ಪುಸ್ತಕ ತೆರೆಯಲೇ ಇಲ್ಲ. “ನನಗ ಖರೇ ಚಿತ್ರ ಸಾಕ್ರಿ” ಎಂದುಬಿಟ್ಟರು. ನಾನು ವಾದಿಸಲಿಲ್ಲ. ನನ್ನ ವಿದ್ಯೆಯ ಮೇಲೆ ನನಗೆ ನಂಬಿಕೆಯಿತ್ತು, ಬಹುಶಃ ಒಂದು ಹಿಡಿ ಹೆಚ್ಚೇ ಇತ್ತು.

ಮೂರನೆಯ ದಿನ ಊಟದ ಹೊತ್ತಿಗೆ ಕಂಪ್ಲಿ ಹತ್ತಿರದ ಎಮ್ಮಿಗನೂರಿನಿಂದ ಅಕ್ಕ ಫೋನ್ ಮಾಡಿದಳು. ಅವಳೂ ಭಾವನೂ ಎರಡನೇ ಬೆಳೆಯ ಭತ್ತ ಕೊಯ್ಲು ಮಾಡಿ ಕಣದಲ್ಲಿ ಒಣಗಲು ಹರವಿದ್ದರು.

“ಮಳಿ ಎಷ್ಟೊತ್ತಿಗೆ ಬರ್ತೈತವಾ?”

ನಾನು ಬೆಳಗಿನ ಲೆಕ್ಕದ ಚಿತ್ರ ನೋಡಿದೆ. “ಐದಕ್ಕ. ನಾಕಕ್ಕ ಮುಚ್ಚಿದ್ರ ಸಾಕು” ಎಂದೆ. ರೊಟ್ಟಿ ತಿನ್ನುತ್ತಲೇ ಹೇಳಿದ್ದೆ.

ಒಂದೂವರೆಗೆ ತರಗತಿ ಶುರುವಾಯಿತು. ಅಭ್ಯಾಸಕ್ಕೆಂದು ಮಧ್ಯಾಹ್ನ ಒಂದು ಗಂಟೆಯ ಎರಡೂ ಚಿತ್ರಗಳನ್ನು ಪರದೆಗೆ ತಂದೆ. ಇವು ಶಾಖದ ಚಿತ್ರಗಳು. ಕಾದ ನೆಲ ಕಪ್ಪಾಗಿ ಕಾಣುತ್ತದೆ, ಎತ್ತರಕ್ಕೆ ಬೆಳೆದ ತಣ್ಣನೆಯ ಮಳೆಮೋಡ ಬೆಳ್ಳಗೆ. ಹಂಪಿಯ ಬಂಡೆಗಳ ಸೀಮೆ ಎರಡರಲ್ಲೂ ಕಪ್ಪಗಿತ್ತು. ಸಂಡೂರಿನ ಮೇಲೆ ಕಂಪ್ಯೂಟರ್ ನಾಲ್ಕು ಚುಕ್ಕಿ ಮೋಡ ಬಿಡಿಸಿತ್ತು. ಉಪಗ್ರಹದ ಚಿತ್ರದಲ್ಲಿ ಅಲ್ಲೊಂದು ದೊಡ್ಡ ಬಿಳಿ ಗಡ್ಡೆಯೇ ಎದ್ದಿತ್ತು.

ಹಿರಿಯರು ಮೊದಲ ಬಾರಿಗೆ ಎದ್ದು ಮುಂದೆ ಬಂದರು. “ನಿಮ್ಮ ಚಿತ್ರ ಒಂದೊಂದಾಗಿ ಮುಂದ ಸರಸ್ರಿ ಮೇಡಂ.”

ಎರಡು ಗಂಟೆಯದು ತೋರಿಸಿದೆ. ಮೂರರದು ಬಂತು.

“ನಿಲ್ಲಸ್ರಿ. ನಿಮ್ಮ ಮೂರು ಗಂಟೇದು ಖರೇದ್ರಾಗ ಒಂದಕ್ಕ ಬಂದೈತಿ ನೋಡ್ರಿ. ದಾರಿ ಸರಿ ಐತಿ, ಎರಡು ತಾಸು ಹಿಂದ ಬಿದ್ದೈತಿ.”

“ಹಂಗಾದ್ರ ಕಂಪ್ಲಿ ಕಡೆ ಐದಕ್ಕ ತೋರಿಸಿದ್ದು…”

“ಮೂರಕ್ಕ ಬರ್ತೈತಿ.”

ನಾನು ಕಲಿಸಲು ಬಂದಿದ್ದೇ ಇದನ್ನು. ಲೆಕ್ಕದ ಚಿತ್ರ ಕಣ್ಣುಮುಚ್ಚಿ ನಂಬುವುದಕ್ಕಲ್ಲ. ಅದನ್ನು ನಿಜದ ಚಿತ್ರದ ಪಕ್ಕದಲ್ಲಿಟ್ಟು, ಎಷ್ಟು ಹಿಂದಿದೆ ಎಷ್ಟು ಮುಂದಿದೆ ಎಂದು ಅಳೆದು, ಆಮೇಲೆ ಮಾತಾಡಬೇಕು. ಆ ಪಾಠವನ್ನು ನಾನು ನಾಲ್ಕನೆಯ ದಿನಕ್ಕೆ ಇಟ್ಟುಕೊಂಡಿದ್ದೆ, ಸ್ವಂತ ಅಕ್ಕನಿಗೆ ಮಾತ್ರ ಅಳೆಯದೆ ಉತ್ತರ ಕೊಟ್ಟಿದ್ದೆ. ಎಲ್ಲರೆದುರೇ ಫೋನ್ ಹಚ್ಚಿದೆ.

“ಅಕ್ಕ, ನಾ ಹೇಳಿದ್ದು ತಪ್ಪಾತು. ಮಳಿ ಮೂರಕ್ಕ ಬರ್ತೈತಿ. ಈಗ್ಲೇ ಭತ್ತ ರಾಶಿ ಮಾಡಿ ತಾಡಪಾಲ ಹೊಚ್ರಿ.”

“ಈಗರ ಐದು ಅಂದೀ?”

“ಅಂದಿದ್ದೆ. ಜಲ್ದಿ ಮಾಡ್ರಿ.”

ಅಷ್ಟರಲ್ಲಿ ಹಿರಿಯರು ತಮ್ಮ ಕಚೇರಿಗೆ ಫೋನ್ ಮಾಡಿ ವಿಷಯ ತಿಳಿಸಿದ್ದರು. ಕಂಪ್ಲಿ ಭಾಗದ ರೈತರಿಗೆ ಹೋಗುವ ಸಂದೇಶದಲ್ಲಿ ಸಂಜೆ ಎಂದಿದ್ದದ್ದು ಮೂರು ಗಂಟೆ ಎಂದಾಯಿತು.

ಮೂರಾಗುವ ಮೊದಲೇ ನಮ್ಮ ಸಭಾಂಗಣದ ಕಿಟಕಿಗಳು ಬಡಿದುಕೊಂಡವು. ಸ್ವಲ್ಪ ಹೊತ್ತಿಗೆ ಅಕ್ಕ ಫೋನ್ ಮಾಡಿದಳು. ತಗಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಅವಳ ಮಾತು ಒಂದೂ ಕೇಳಲಿಲ್ಲ. ಸಂಜೆ ತಿಳಿಯಿತು: ಬದುವಿನ ಕಡೆಯ ಒಂದು ರಾಶಿ ಅರ್ಧ ತೊಯ್ದಿತ್ತು, ಉಳಿದದ್ದೆಲ್ಲ ಉಳಿದಿತ್ತು. “ಮುಂದಿನ ಸಲ ಊಟ ಮುಗಿಸಿ ಹೇಳವಾ” ಎಂದಳು.

ನಾಲ್ಕನೆಯ ದಿನದ ಪಾಠವನ್ನು ಹಿರಿಯರಿಗೆ ಬಿಟ್ಟುಕೊಟ್ಟೆ. ಅವರು ನನ್ನ ಸ್ಲೈಡು ಮುಟ್ಟದೆ ಹಿಂದಿನ ದಿನದ ಚಿತ್ರಗಳನ್ನೇ ಇಟ್ಟುಕೊಂಡು ಹೇಳಿದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಕೇಳಿದಳು:

“ಸರ್, ಇದು ದಿನಾ ಎರಡು ತಾಸು ಹಿಂದ ಇರ್ತೈತೇನ್ರಿ?”

“ಇಲ್ಲವಾ. ನಿನ್ನಿ ಹಿಂದ ಇತ್ತು, ನಾಳಿ ಮುಂದ ಇರಬಹುದು. ಅದಕ್ಕ ದಿನಾ ಖರೇ ಚಿತ್ರದ ಜೋಡಿ ಹಚ್ಚಿ ನೋಡಬೇಕು.”

ನಾನು ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಂಡೆ. ಈಗ ಯಾವ ಊರಿಗೆ ಹೋದರೂ ನನ್ನ ಮೊದಲ ದಿನದ ಮೊದಲ ಪಾಠ ಅದೇ.