ಒತ್ತಾಯವಿಲ್ಲದೆ ಹೋಳಿಗೆ ನೀಡುವ ಸಾವಂತ್ರವ್ವ

ಖಾನಾಪುರದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಸಾವಂತ್ರವ್ವ ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸುತ್ತಿದ್ದಾರೆ. ಮೊದಲನೆಯದು ದೊಡ್ಡದಾಯಿತೆಂದು ಬದಿಗಿಡುತ್ತಾರೆ. ಎರಡನೆಯದರ ಹೂರಣ ಹೊರಗೆ ಬರುತ್ತದೆ. ಊರಿನ ಅರ್ಧ ಮದುವೆಗಳಿಗೆ ಹೋಳಿಗೆ ಮಾಡಿಕೊಟ್ಟ ಕೈ ಇದು. "ಲಗ್ನದಾಗ ಸಾವಿರ ಮಂದಿ ಇದ್ರೂ ಅಂಜಿಕಿ ಇರ್ತಿರಲಿಲ್ರಿ. ಇವತ್ತ ಒಬ್ಬಾಕಿ ಉಣ್ಣಬೇಕು, ಅಷ್ಟಕ್ಕ ಒಂದೂ ನೆಟ್ಟಗ ಆಗವಲ್ದು" ಎನ್ನುತ್ತಾರೆ.

ಆ ಒಬ್ಬಾಕೆ ಬೆಳಗಾವಿಯ ಕಾಲೇಜು ಹುಡುಗಿ. ಪದ್ಮಶ್ರೀ ಎಂದು ಕರೆಯೋಣ, ನಿಜವಾದ ಹೆಸರು ಬೇರೆ. ಮನೆಯಲ್ಲಿ ಉಣ್ಣುವುದಕ್ಕೆ ಕೊರತೆಯಿಲ್ಲ, ಆದರೆ ಉಣ್ಣುವುದೆಂದರೇ ಆಕೆಗೆ ಭಯ. ಎಲುಬು ಎದ್ದು ಕಾಣುತ್ತಿದ್ದರೂ ಕನ್ನಡಿಯಲ್ಲಿ ಆಕೆಗೆ ಕಾಣುವುದು ದಪ್ಪ ಮೈ. ಇದು ಹಟವಲ್ಲ, ಸೊಕ್ಕಲ್ಲ, ಕಾಯಿಲೆ. ಅದೇ ಊರಿನ ಹಿಂದವಾಡಿಯ ಪುಟ್ಟ ಕ್ಲಿನಿಕ್ಕಿನಲ್ಲಿ ಮನೋವೈದ್ಯೆ ಪೂರ್ಣಿಮಾ ಇದಕ್ಕೆ ಮಾತು, ಮಾತ್ರೆಗಳ ಜೊತೆಗೆ ವರ್ಚುವಲ್ ರಿಯಾಲಿಟಿಯ ಕನ್ನಡಕವನ್ನೂ ಬಳಸುತ್ತಾರೆ. ಕಣ್ಣಿಗೆ ಕಟ್ಟಿಕೊಂಡರೆ ಸಾಕು, ಕೂತಲ್ಲೇ ಸುತ್ತಲೂ ಮದುವೆಯೂಟದ ಪಂಕ್ತಿ. ಭಯದ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಏನೂ ಆಗದೆ ಮರಳುವ ಅಭ್ಯಾಸ ಅದು.

ಕನ್ನಡಕದಲ್ಲಿ ತೋರಿಸಲು ಮೊದಲು ಹೊರದೇಶದ ಚಿತ್ರ ತರಿಸಿದ್ದರಂತೆ. ಪಿಜ್ಜಾ ಅಂಗಡಿ, ಎದುರಿಗೆ ನಗುವ ಯಾರೋ ಬಿಳಿಯರು. ಪಾಪ, ಅವರು ಏನು ಒತ್ತಾಯ ಮಾಡಿಯಾರು! ಬೇಡವೆಂದು ಅಡ್ಡ ಹಿಡಿದ ಕೈಯನ್ನೇ ಸರಿಸಿ ಎಲೆಗೆ ಹಾಕಿ ಹೋಗುವುದು ನಮ್ಮ ಕಡೆಯ ಪದ್ಧತಿ. ಹಾಗಾಗಿ ಖಾನಾಪುರದ ಮಂಗಲ ಕಾರ್ಯಾಲಯವೊಂದರಲ್ಲೇ ಮದುವೆಯೂಟದ ಚಿತ್ರೀಕರಣವಾಯಿತು. ಅಲ್ಲಿ ಹೋಳಿಗೆ ನೀಡಲು ಬಂದಿದ್ದ ಸಾವಂತ್ರವ್ವ, "ಒಂದ ಹಾಕಸ್ಕೊ ನನ್ನವ್ವ, ನಿಮ್ಮವ್ವನ ಆಣಿ ಐತಿ" ಎಂದು ಕ್ಯಾಮೆರಾಕ್ಕೇ ಆಣೆ ಹಾಕಿಬಿಟ್ಟರು. ಅದನ್ನು ಚಿತ್ರದಲ್ಲಿ ಹಾಗೇ ಉಳಿಸಿಕೊಂಡ ಡಾಕ್ಟರು ಅವರನ್ನು ಕ್ಲಿನಿಕ್ಕಿಗೇ ಕೆಲಸಕ್ಕೆ ಕರೆದರು.

ದಿನಕ್ಕೆ ಮೂರೋ ನಾಲ್ಕೋ ಮಂದಿ ಬರುತ್ತಾರೆ. ಕನ್ನಡಕ ಒರೆಸಿ ಕಟ್ಟುವುದು, ಬಾಜೂಕ್ಕೆ ಕೂರುವುದು, ಉಸಿರು ಏರಿದರೆ ಕೈ ಹಿಡಿಯುವುದು, ಕನ್ನಡಕ ತೆಗೆದ ಮೇಲೆ ನಿಜವಾದ ತಟ್ಟೆ ಇಡುವುದು ಸಾವಂತ್ರವ್ವನ ಕೆಲಸ. ಚಿತ್ರದೊಳಗೆ ಎಷ್ಟು ಬೇಕಾದರೂ ಒತ್ತಾಯ ಮಾಡಬಹುದು. ಹೊರಗೆ ಊಟದ ಬಗ್ಗೆ, ಮೈ ಬಗ್ಗೆ ಒಂದು ಮಾತೂ ಆಡುವಂತಿಲ್ಲ. "ಒಳಗಿನಾಕಿ ಬಾಯಿಬಡಕಿ, ಹೊರಗಿನಾಕಿ ಮೂಕಿ" ಎಂದು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುತ್ತಾರೆ.

ಎರಡು ವಾರದ ಹಿಂದೆ ಹೊರಗಿನಾಕಿಯೂ ಬಾಯಿ ತೆರೆದರು. ಪದ್ಮಶ್ರೀ ಆಗಷ್ಟೇ ಒಂದೊಂದು ರೊಟ್ಟಿ ತಿನ್ನತೊಡಗಿದ್ದಳು. ಬಾಗಿಲಲ್ಲಿ ಆಕೆಯನ್ನು ಕಂಡು, ಮಮತೆ ತಡೆಯಲಾಗದೆ, "ಮಾರಿ ತುಂಬೇತಿ ನೋಡ ತಂಗಿ, ಈಗ ಚಂದ ಕಾಣಾಕತ್ತಿ" ಅಂದುಬಿಟ್ಟರು. ನಮ್ಮಲ್ಲಿ ಮುಖ ತುಂಬಿದೆ ಎನ್ನುವುದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಆಕೆಗೆ ಮಾತ್ರ ಅದು ದಪ್ಪಗಾಗಿದ್ದೀಯ ಎಂಬ ತೀರ್ಪು. ಅಂದಿನಿಂದ ಊಟ ಬಿಟ್ಟಳು, ತಲೆ ತಿರುಗಿ ಬಿದ್ದಳು, ಆಸ್ಪತ್ರೆಯಲ್ಲಿ ಸಲಾಯಿನ್ ಏರಿತು. ಇನ್ನೂ ಉಣ್ಣದಿದ್ದರೆ ಮೂಗಿನಿಂದ ನಳಿಗೆ ಹಾಕಿ ಆಹಾರ ಕೊಡುವುದೇ ಗತಿ ಎಂದು ಅಲ್ಲಿನ ವೈದ್ಯರು ಹೇಳಿದ್ದಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬರೀ ಸಾವಂತ್ರವ್ವನನ್ನು ಯಾಕೆ ಬೈಯಬೇಕು? "ಯಾಕ ಸೊರಗೀರಿ", "ಏನ ಉಬ್ಬೀರಿ" ಅನ್ನದೆ ಮಾತು ಶುರು ಮಾಡುವವರು ನಮ್ಮಲ್ಲಿ ಎಷ್ಟು ಜನರಿದ್ದಾರೆ? ನನಗಂತೂ ಸಿಟ್ಟೇ ಬರುತ್ತದೆ.

ಸಾವಂತ್ರವ್ವ ಕೆಲಸ ಬಿಡಲು ಹೋಗಿದ್ದರು. "ನೀವು ಬಿಟ್ಟರ, ನನ್ನಿಂದ ಇವರ ಕೆಲಸ ಹೋತು ಅಂತ ಆಕಿ ಅದನ್ನೂ ತನ್ನ ಮ್ಯಾಲ ಹಾಕ್ಕೋತಾಳ್ರಿ. ಇರ್ರಿ" ಎಂದು ಡಾಕ್ಟರು ತಡೆದರು. ಅಂದಿನ ನಂತರ ಪದ್ಮಶ್ರೀ ಬರುತ್ತಿರುವುದು ಇವತ್ತೇ.

ಬೆಳಗಾವಿಯ ಬಸ್ಸಿನಲ್ಲಿ ಸಾವಂತ್ರವ್ವ ಹೋಳಿಗೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಪಕ್ಕದಲ್ಲಿ ಗಂಡ ಬಂಡೆಪ್ಪ, ಫೌಂಡ್ರಿ ಕೆಲಸಗಾರ. ಉದ್ಯಮಬಾಗದಲ್ಲಿ ಇಳಿಯುವಾಗ, "ಇವತ್ತರೆ ಬಾಯಿ ಮುಚ್ಚಿಕೊಂಡಿರು ಮಾರಾಯ್ತಿ" ಎನ್ನುತ್ತಾನೆ. ಸಾವಂತ್ರವ್ವ ನಗುವುದಿಲ್ಲ.

ಇದನ್ನು ಬರೆಯಲೆಂದು ಅಪ್ಪಣೆ ಪಡೆದು ನಾನು ಕ್ಲಿನಿಕ್ಕಿನ ಮೂಲೆಯಲ್ಲಿ ಕೂತಿದ್ದೇನೆ. ಪದ್ಮಶ್ರೀ ಬರುತ್ತಾಳೆ, ಸಾವಂತ್ರವ್ವನ ಕಡೆ ನೋಡುವುದಿಲ್ಲ. ಕನ್ನಡಕದೊಳಗೆ ಆಣೆ, ಒತ್ತಾಯ ಎಲ್ಲ ನಡೆಯುತ್ತದೆ. ಕುರ್ಚಿಯ ತೋಳು ಹಿಡಿದ ಆಕೆಯ ಬೆರಳು ಬಿಳಚಿಕೊಳ್ಳುತ್ತವೆ. ಕನ್ನಡಕ ತೆಗೆದಾಗ ಸಾವಂತ್ರವ್ವ ತಟ್ಟೆಯಲ್ಲಿ ಒಂದು ಹೋಳಿಗೆ ಇಟ್ಟು ಹಿಂದೆ ಸರಿಯುತ್ತಾರೆ.

ಹುಡುಗಿ ಮುಟ್ಟುವುದಿಲ್ಲ. "ಅಕ್ಕಾರ, ನಾ ದಪ್ಪ ಆಗೇನಿ ಅಂತನ ಅವತ್ತ ಹಂಗಂದ್ರಿ, ಹೌದಲ್ಲೊ?"

ಹೌದೆಂದರೆ ಕಥೆ ಮುಗಿಯಿತು. ಅಲ್ಲವೆಂದರೂ ಮತ್ತೆ ಮೈಯ ಮಾತೇ. ಸಾವಂತ್ರವ್ವ ಡಾಕ್ಟರ ಮುಖ ನೋಡುತ್ತಾರೆ. ಆಮೇಲೆ ಹುಡುಗಿಯ ಕಡೆ ತಿರುಗುತ್ತಾರೆ.

"ತಪ್ಪಾತು ತಂಗಿ. ನಿನ್ನ ಮೈ ಸುದ್ದಿ ನನಗ ಬ್ಯಾಡಾಗಿತ್ತು."

ಅಷ್ಟೇ. ಪದ್ಮಶ್ರೀ ಹೋಳಿಗೆಯ ಅಂಚು ಮುರಿದು ಬಾಯಿಗಿಡುತ್ತಾಳೆ. ಅಳುತ್ತಲೇ ಅಗಿಯುತ್ತಾಳೆ, ನುಂಗುತ್ತಾಳೆ. ಅರ್ಧಕ್ಕೆ ಕೈ ನಿಲ್ಲುತ್ತದೆ. ಸಾವಂತ್ರವ್ವನ ತುಟಿ ಅಲುಗುತ್ತದೆ, "ಇನ್ನೊಂದ ತುತ್ತು" ಅನ್ನುವ ಹಳೆಯ ರೂಢಿ. ಸೆರಗಿನಿಂದ ಬಾಯಿ ಒತ್ತಿ ಹಿಡಿದು, ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಾರೆ.

ಗಂಡಾಂತರ ಕಳೆದಿಲ್ಲ. ನಾಳೆ ಆಕೆ ಬರುತ್ತಾಳೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ತಟ್ಟೆ ತೊಳೆಯುತ್ತಿದ್ದ ಸಾವಂತ್ರವ್ವನನ್ನು ನಿಮ್ಮ ಆಸೆ ಏನೆಂದು ಕೇಳುತ್ತೇನೆ.

"ಪಂಕ್ತ್ಯಾಗ ಉಂಡ ಮಂದಿ ನೀಡಿದಾಕಿ ಮಾರಿ ನೆನಪಿಡ್ತಾರೇನ್ರಿ? ಕೈ ತೊಳಕೊಂಡು ಹೋಗ್ತಾರ. ಈಕೀನೂ ಒಂದಿನ ಯಾವುದರೆ ಲಗ್ನದಾಗ ಹೊಟ್ಟಿತುಂಬ ಉಣ್ಣಲಿ. ಉಂಡು, ಎದುರಿಗೆ ನಿಂತ್ರೂ ನನ್ನ ಗುರ್ತು ಹಿಡೀಲಾರದ ಹೋಗಿಬಿಡ್ಲಿ."