ಹಿಂದಿನ ಬೆಂಚಿನ ಪಿಸುಮಾತು

ಮೊಳಕಾಲ್ಮೂರಿನ ಕಾಲೇಜಿನಲ್ಲಿ ನಾನು ಇತಿಹಾಸ ಹೇಳುವಾಗ ಹಿಂದಿನ ಬೆಂಚಿನ ಇಬ್ಬರು ಹುಡುಗಿಯರು ದಿನವೂ ತೆಲುಗಿನಲ್ಲಿ ಪಿಸುಗುಡುತ್ತಿದ್ದರು. ಒಂದು ದಿನ ನನಗೆ ಪಿತ್ತ ನೆತ್ತಿಗೇರಿತು. ಹೆಚ್ಚು ಮಾತಾಡುವವಳನ್ನು ಒಂದು ವಾರ ಕ್ಲಾಸಿನಿಂದ ಹೊರಗೆ ಹಾಕಿದೆ. ಏನೋ ಹೇಳಲು ಬಂದಳು, ಕೇಳಲಿಲ್ಲ. "ಕ್ಲಾಸು ಅಂದ್ರೆ ಹಿಂಗಿರಬೇಕು ಕಣ್ರಿ" ಎಂದು ಪ್ರಿನ್ಸಿಪಾಲರು ಹೊಗಳಿದರು. ಉಬ್ಬಿಹೋದೆ.

ವಾರ ಕಳೆದು ಅವಳು ಒಬ್ಬಳೇ ಬಂದಳು. "ನಿನ್ನ ಜೊತೆಯವಳೆಲ್ಲಿ?" ಎಂದೆ.

"ಕಾಲೇಜೇ ಬಿಟ್ಲು ಸಾರ್. ಆಂಧ್ರದಾಗೆ ಓದಿದೋಳು, ಕನ್ನಡ ತಿಳಿಯಲ್ಲ. ನಿಮ್ಮ ಪಾಠಾನೇ ನಾನು ಅವ್ಳಿಗೆ ತೆಲುಗಿನಾಗೆ ಹೇಳ್ತಿದ್ದೆ."

ನಮ್ಮವ್ವ ನನ್ನನ್ನು ಮುದ್ದಿಸಿದ್ದು, ಬೈದದ್ದು ಎಲ್ಲ ತೆಲುಗಿನಲ್ಲೇ. ಮೇಷ್ಟ್ರಾದ ಮೇಲೆ ಅದು ಬಾರದವನಂತೆ ಇದ್ದುಬಿಟ್ಟಿದ್ದೆ. ಒಂದು ನಿಮಿಷ ಕಿವಿಗೊಟ್ಟಿದ್ದರೆ ಸಾಕಿತ್ತು.