ಏರದ ಕಾಲುಚೀಲ

ಶಂಭು ಭಟ್ಟರಿಗೆ ಯಾರ ಮೇಲೂ ನಂಬಿಕೆಯಿಲ್ಲ. ಕಾಸರಗೋಡಿನವರು, ತಿರುವನಂತಪುರದಲ್ಲಿ ಸರಕಾರದ ತನಿಖಾ ವಿಭಾಗದಲ್ಲಿ ಸರ್ವೀಸ್ ಮುಗಿಸಿದವರು. ಹಾಲಿನವನು ನಕ್ಕರೂ ಇವತ್ತು ನೀರು ಜಾಸ್ತಿ ಎಂದೇ ಅವರ ತೀರ್ಮಾನ.

ಕೊಚ್ಚಿಯಲ್ಲಿ ಕರುಳಿನ ಕ್ಯಾನ್ಸರಿಗೆ ಆಪರೇಶನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು, "ಇನ್ನು ಭಯ ಇರೋದು ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದರದ್ದು. ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಒಂದು ತಿಂಗಳು ದಿನಾ ಹೊಟ್ಟೆಗೆ ಇಂಜೆಕ್ಷನ್, ಬಿಗಿ ಕಾಲುಚೀಲ, ನಡಿಗೆ" ಎಂದರು. ಭಟ್ಟರ ಕಿವಿ ನೆಟ್ಟಗಾಯಿತು.

"ಗಡ್ಡೆ ತೆಗೆದಾಯ್ತಲ್ಲ, ಮತ್ತೆ ಚುಚ್ಚೂದು ಎಂತಕ್ಕೆ? ರಕ್ತ ತೆಳು ಮಾಡುವ ಮದ್ದಂತೆ! ಹೊಲಿಗೆ ಬಿಚ್ಚಿ ಪುನಃ ಅಡ್ಮಿಟ್ ಮಾಡ್ಲಿಕ್ಕೆ ಇರ್ಬೇಕು" ಎಂದು ಹೆಂಡತಿ ಜಲಜಕ್ಕನ ಕಿವಿಯಲ್ಲಿ ಗೊಣಗಿದರು.

ಕೊಚ್ಚಿಯಲ್ಲೇ ಕಲೂರಿನ ತಮ್ಮ ಫ್ಲಾಟಿಗೆ ನರ್ಸ್ ಬರುವುದೂ ಬೇಡ, ತಾನೇ ಚುಚ್ಚಿಕೊಳ್ಳುತ್ತೇನೆ ಎಂದರು. ದಿನಾ ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿ, ಮದ್ದನ್ನು ಬೇಸಿನ್ನಿಗೆ ಚಿಮ್ಮಿಸಿ, ಖಾಲಿ ಸಿರಿಂಜನ್ನು ತಂದು ಡಬ್ಬಿಗೆ ಹಾಕುವರು. ಸುಳ್ಳು ಸಾಕ್ಷಿ ಹೇಗೆ ಹುಟ್ಟುತ್ತದೆಂದು ಅವರಿಗಲ್ಲದೆ ಇನ್ಯಾರಿಗೆ ಗೊತ್ತು! ಪಾಪ, ಜಲಜಕ್ಕ ಡಬ್ಬಿ ನೋಡಿ, ಸದ್ಯ ಇದೊಂದಕ್ಕೆ ತಕರಾರು ಮಾಡಲಿಲ್ಲವಲ್ಲ ಎಂದು ದೇವರಿಗೆ ಕೈಮುಗಿದರು.

ಒಂದು ಭಾನುವಾರ ಎಡಗಾಲಿನ ಚೀಲ ಏರಲೇ ಇಲ್ಲ.

"ಬಿಸಿನೀರಿಗೆ ಹಾಕಿದ್ದೀಯಾ ಇದನ್ನು?"

"ಇಲ್ಲಪ್ಪ, ಎರಡನ್ನೂ ಒಟ್ಟಿಗೇ ತಣ್ಣೀರಲ್ಲಿ ಒಗೆದದ್ದು."

"ಹಾಗಾದ್ರೆ ಅಂಗಡಿಯವನದ್ದೇ ಮೋಸ. ಒಂದು ದೊಡ್ಡದು, ಒಂದು ಸಣ್ಣದು ಕೊಟ್ಟಿದ್ದಾನೆ."

"ಅಯ್ಯೋ, ನಿಮ್ಮ ಸಂಶಯವೇ ಮಾರಾಯ್ರೆ!"

ಭಟ್ಟರು ಹಳೆಯ ಪಟ್ಟು ಹಾಕಿದರು. ಇಬ್ಬರು ಗುಮಾಸ್ತರಲ್ಲಿ ಕಳ್ಳ ಯಾರೆಂದು ತಿಳಿಯದಿದ್ದರೆ ಅವರ ಕುರ್ಚಿ ಅದಲುಬದಲು ಮಾಡುವುದು ಸರ್ವೀಸಿನಲ್ಲಿ ಭಟ್ಟರ ರೂಢಿ. ಎಡದ ಚೀಲವನ್ನು ಬಲಗಾಲಿಗೆ ಹಾಕಿದರು. ಸಲೀಸಾಗಿ ಏರಿತು. ಬಲದ್ದನ್ನು ಎಡಗಾಲಿಗೆ ಎಳೆದರು. ಮೀನಖಂಡದಲ್ಲಿ ಸಿಕ್ಕಿಕೊಂಡಿತು. ಮುಟ್ಟಿದರೆ ಬಿಸಿ, ಒತ್ತಿದರೆ ಪ್ರಾಣ ಹೋಗುವಷ್ಟು ನೋವು. ಚೀಲದ್ದೇನೂ ತಪ್ಪಿರಲಿಲ್ಲ, ಊದಿದ್ದು ಕಾಲು. ಡಾಕ್ಟರ ಮಾತು ನೆನಪಾಗಿ ಭಟ್ಟರು ಆಟೋ ತರಿಸಿದರು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, "ಹೆಪ್ಪುಗಟ್ಟಿದೆ. ಶ್ವಾಸಕೋಶಕ್ಕೆ ಹೋಗುವ ಮೊದಲೇ ಬಂದಿರಿ, ಪುಣ್ಯ. ಇಂಜೆಕ್ಷನ್ ತಪ್ಪದೆ ತಗೊಂಡಿದ್ರಾ? ನಿಜ ಹೇಳಿ, ಮುಂದಿನ ಮದ್ದು ಅದನ್ನು ನೋಡಿಯೇ ಕೊಡಬೇಕು" ಎಂದರು.

ಭಟ್ಟರು ಬಾಯಿ ತೆರೆಯುವ ಮೊದಲೇ ಜಲಜಕ್ಕ ಸಿಡಿದರು. "ಒಂದು ದಿನವೂ ತಪ್ಪಿಸಿಲ್ಲ ಡಾಕ್ಟ್ರೇ! ನಿಮ್ಮ ಮದ್ದೇ ಸರಿ ಇಲ್ಲದ್ದು. ಇವರು ಮೊದಲೇ ಹೇಳಿದ್ರು, ನಾನೇ ಕೇಳ್ಲಿಲ್ಲ."

ಯಾರನ್ನೂ ಅನುಮಾನಿಸಿ ಗೊತ್ತಿಲ್ಲದ ಹೆಂಗಸು ತನಗಾಗಿ ಜಗಳಕ್ಕೆ ನಿಂತದ್ದು ನೋಡಿ ಭಟ್ಟರಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

"ಮದ್ದಿನ ತಪ್ಪಲ್ಲ ಜಲಜಾ. ನಾನು ಒಂದನ್ನೂ ಚುಚ್ಚಿಕೊಳ್ಳಲಿಲ್ಲ. ಎಲ್ಲ ಬೇಸಿನ್ನಿಗೆ ಹೊಯ್ದೆ."

ನರ್ಸ್ ಸಿರಿಂಜ್ ತಂದಾಗ ಜಲಜಕ್ಕ ಗಂಡನ ಅಂಗಿಯನ್ನು ತಾವೇ ಮೇಲೆತ್ತಿ ಹಿಡಿದರು.

"ಚುಚ್ಚು ಮಗಳೇ," ಎಂದು ನರ್ಸಿಗೆ ಹೇಳಿದರು. "ಪೂರ್ತಿ ಹೋಯ್ತಾ ಅಂತ ನಾನು ನೋಡ್ಬೇಕು."